ಮಾವನ ಸ್ನೇಹಿತನ ಕಂಪ್ಯೂಟರ್

“ನೀವು ಏನೇ ಒತ್ತಿ, ಏನೇ ಕೆಡಿಸಿ ಮಾವ, ನಾನು ಬೈಯಲ್ಲ. ಆದ್ರೆ ಆದ ಕೂಡಲೇ ನನಗೆ ಹೇಳ್ಬೇಕು, ಅಷ್ಟೇ.”

ನಮ್ಮ ಮನೆಗೆ ಕಂಪ್ಯೂಟರ್ ಬಂದ ವಾರ ನಾನು ನನ್ನ ಮಾವನಿಗೆ ಕೊಟ್ಟ ಮಾತು ಇದು. ಆಗ ಮಗಳು ಇನ್ನೂ ತೊದಲುತ್ತಿದ್ದಳು. ಈಗ ಹೈಸ್ಕೂಲಿನಲ್ಲಿದ್ದಾಳೆ.

ಕಂಪ್ಯೂಟರ್ ತಂದಿದ್ದು ನನ್ನ ಕಸೂತಿ ಯಂತ್ರಕ್ಕಾಗಿ. ಶಾಲೆ ಮಕ್ಕಳ ಅಂಗಿ ಜೇಬಿನ ಮೇಲೆ ಬರುವ ಚಿತ್ರವನ್ನು ಮೊದಲು ಅದರಲ್ಲಿ ತಯಾರು ಮಾಡಿಕೊಳ್ಳಬೇಕು, ಆಮೇಲೆ ಯಂತ್ರ ಹೊಲಿಯುತ್ತದೆ. ಮಾವ ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರು. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗದೆ ಒದ್ದಾಡುತ್ತಿದ್ದರು. ಕಂಪ್ಯೂಟರಿನಲ್ಲಿ ಚದುರಂಗ ಆಡುವುದನ್ನು ತೋರಿಸಿಕೊಟ್ಟೆ.

ಕಲಿತ ಮೇಲೆ ಕೇಳಬೇಕೆ? ಕಂಪ್ಯೂಟರಿನ ವಿಷಯದಲ್ಲಿ ಮಾವನಷ್ಟು ಅಭಿಪ್ರಾಯ ಇಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇಲ್ಲ.

“ಗೇಮ್ ಆಡೋರ ತಲೆ ಗೊಬ್ಬರ ಆಗುತ್ತೆ” ಎಂದು ಮೊಮ್ಮಗಳಿಗೆ ದಿನಾ ಪಾಠ.

“ಮತ್ತೆ ನೀವು ಆಡೋದೇನು ತಾತಾ?”

“ಇದು ಗೇಮ್ ಅಲ್ಲ, ಚದುರಂಗ. ರಾಜರು ಆಡ್ತಿದ್ದಿದ್ದು.”

“ನಿನ್ನೆ ಸಾಲಾಗಿ ಸೋತ್ರಲ್ಲ, ಅದ್ಯಾವ ದೇಶದ ರಾಜ?”

“ಬಾಯಿ ಜಾಸ್ತಿ ಆಯ್ತು ನಿಂಗೆ. ಇನ್ನೊಂದು ಕೇಳು. ಪುಕ್ಕಟೆ ಅಂತ ಸಿಗೋ ಸಾಫ್ಟ್‌ವೇರ್ ಮುಟ್ಟಬೇಡ. ಕಂಪ್ಯೂಟರ್ ಹಾಳಾಗೋದೇ ನಿಮ್ಮಂಥ ಮಕ್ಕಳಿಂದ.”

ಮೊನ್ನೆ ಒಂದು ಸಂಜೆ ಹೊಲಿಗೆ ಮುಗಿಸಿ, ಕಂಪ್ಯೂಟರ್ ಆರಿಸಲು ಕೈ ಹಾಕಿದೆ.

“ಆಫ್ ಮಾಡಬೇಡ!” ಎಂದರು ಮಾವ, ಕುರ್ಚಿಯಿಂದ ಅರ್ಧ ಎದ್ದು.

ನನಗೆ ಆಶ್ಚರ್ಯ. ಕರೆಂಟ್ ಉಳಿಸುವುದೆಂದರೆ ಈ ಮನುಷ್ಯನಿಗೆ ಪ್ರಾಣ. ನಾವು ಬಚ್ಚಲಲ್ಲಿ ಇರುವಾಗಲೇ ಹೊರಗಿನಿಂದ ದೀಪ ಆರಿಸಿಬಿಡುತ್ತಾರೆ. “ಯಾಕೆ ಮಾವ?” ಎಂದೆ.

“ಇರಲಿ ಬಿಡು. ರಾತ್ರಿ ಇಡೀ ಇರಲಿ.”

“ಮತ್ತೇನು ಒತ್ತಿದ್ರಿ ಮಾವ?” ಎಂಬ ಮಾತು ನಾಲಿಗೆ ತುದಿಗೆ ಬಂತು. ಎಷ್ಟೋ ಸಲ ಆಡಿದ ಮಾತು ಅದು. ಹೊಲಿದು ದಣಿದವಳ ನಿಟ್ಟುಸಿರೂ ಅದರ ಜೊತೆಗೇ ಬರುತ್ತಿತ್ತು. ಆದರೆ ಮಾವನ ಕೈ ನೋಡಿದೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಅಲುಗದೆ ಹಿಡಿಯುತ್ತಿದ್ದ ಕೈ ಈಗ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಮಾತು ನುಂಗಿಕೊಂಡು, ಗುಂಡಿ ಹಾಕಬೇಕಿದ್ದ ಅಂಗಿಯೊಂದನ್ನು ಎತ್ತಿಕೊಂಡು ಪಕ್ಕದಲ್ಲೇ ಕೂತೆ.

ಎರಡು ಗುಂಡಿ ಹಾಕಿದೆ. ಆಮೇಲೆ ಮಾವ ಗಂಟಲು ಸರಿಮಾಡಿಕೊಂಡರು.

“ನನ್ನ ಸ್ನೇಹಿತ ಒಬ್ಬ ಇದ್ದಾನೆ.”

“ಹೂಂ.”

“ಅವನೂ ಚದುರಂಗ ಆಡ್ತಾನೆ. ‘ಪುಕ್ಕಟೆ ಸಾಫ್ಟ್‌ವೇರ್, ಗೆಲ್ಲೋದು ಕಲಿಸ್ತೀವಿ’ ಅಂತ ಏನೋ ಬಂತಂತೆ. ಒತ್ತಿದ್ದಾನೆ. ಒತ್ತಿದ್ದೇ ತಡ, ಪರದೆ ಎಲ್ಲ ಕೆಂಪು. ಸೈರನ್ ಬೇರೆ ಹೊಡ್ಕೊಳ್ತಂತೆ. ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ.”

“ಪಾಪ, ಎಷ್ಟು ಹೆದರಿದರೋ. ಮಾಡಿದ್ರಾ ಫೋನು?”

“ಮಾಡ್ದ. ಒಳ್ಳೆ ಮನುಷ್ಯನಂತೆ, ‘ಸರ್, ಸರ್’ ಅಂತ ಮಾತು. ಒಂದು ಸಾಫ್ಟ್‌ವೇರ್ ಹಾಕಿಸಿದ್ನಂತೆ, ಅಲ್ಲಿಂದಲೇ ಇವನ ಕಂಪ್ಯೂಟರ್ ನೋಡೋಕೆ. ಇವನು ಮೌಸ್ ಮುಟ್ಟದೆ ಬಾಣ ತಾನೇ ಓಡಾಡ್ತಂತೆ. ರಾತ್ರಿ ಇಡೀ ಆಫ್ ಮಾಡಬೇಡಿ, ಮನೇಲಿ ಯಾರಿಗೂ ಹೇಳಬೇಡಿ, ಬೆಳಿಗ್ಗೆ ಹತ್ತಕ್ಕೆ ನಾನೇ ಫೋನ್ ಮಾಡ್ತೀನಿ, ಆಗ ನಿಮ್ಮ ಬ್ಯಾಂಕ್ ಪೇಜ್ ತೆಗೀರಿ ಅಂದ್ನಂತೆ.”

ನನ್ನ ಕೈಯ ಸೂಜಿ ನಿಂತುಹೋಯಿತು.

“ಪಾಸ್‌ವರ್ಡ್ ಒತ್ತುವಾಗ ನಾನು ಕಣ್ಣು ಮುಚ್ಕೋತೀನಿ ಸರ್ ಅಂದ್ನಂತೆ” ಎಂದರು ಮಾವ, ಮೆಚ್ಚಿಗೆಯಿಂದ. “ಎಷ್ಟು ಮರ್ಯಾದಸ್ಥ ನೋಡು.”

“ನಿಮ್ಮ ಸ್ನೇಹಿತರು ತಪ್ಪೇನೂ ಮಾಡಿಲ್ಲ ಮಾವ. ಕೆಟ್ಟಿದೆ ಅಂತ ತಿಳ್ಕೊಂಡು ಬಲ್ಲವರನ್ನ ಕೇಳಿದ್ದಾರೆ. ನಾವೂ ಒಬ್ಬರನ್ನ ಕೇಳೋಣ್ವಾ?”

ಮಾವ ತಲೆ ಆಡಿಸಿದರು.

ಮಹಡಿ ಮನೆಯಲ್ಲಿ ಒಬ್ಬರು ಟೀಚರ್ ಇದ್ದಾರೆ, ಲೈಬ್ರರಿಯಲ್ಲಿ ದೊಡ್ಡವರಿಗೆ ಕಂಪ್ಯೂಟರ್ ಹೇಳಿಕೊಡುತ್ತಾರೆ. ಕರೆದೆ. ಮೆಟ್ಟಿಲ ಮೇಲೇ ಅವರ ಕಿವಿಯಲ್ಲಿ ವಿಷಯ ಊದಿದೆ. ಜಾಣೆ, ಒಳಗೆ ಬಂದವರೇ ಮಾವನ ಎದುರು ಕೂತರು.

“ಯಜಮಾನ್ರೇ, ನಿಮ್ಮ ಸ್ನೇಹಿತರು ಮೊದಲು ಇಂಟರ್ನೆಟ್ ವೈರ್ ಕೀಳಬೇಕು. ಅವರ ಮನೇಲಿ ಅದು ಎಲ್ಲಿದೆಯೋ?”

“ಇಲ್ಲೇ ಮೇಜಿನ ಕೆಳಗೆ” ಎಂದುಬಿಟ್ಟರು ಮಾವ. ಆಮೇಲೆ, “ಇರಬಹುದು” ಎಂದು ಸೇರಿಸಿದರು.

ಟೀಚರ್ ಮುಖದಲ್ಲಿ ನಗು ಸುಳಿಯಲಿಲ್ಲ. ನಾನು ಬಗ್ಗಿ ವೈರ್ ಕಿತ್ತೆ.

“ಕಿತ್ತರೆ ರಿಪೇರಿ ನಿಂತುಹೋಗಲ್ವಾ ಟೀಚರ್?” ಮಾವನ ಧ್ವನಿಯಲ್ಲಿ ಸಂಕಟ. “ಅವನೂ ರಿಪೇರಿಯವನು. ಹಿಂದಿನ ಮುಚ್ಚಳ ತೆಗೆಯದೆ ಯಾರಾದರೂ ರಿಪೇರಿ ಮಾಡೋಕಾಗುತ್ತಾ? ಬಿಚ್ಚಿ ನೋಡ್ತೀನಿ ಅಂದವನನ್ನ ಬೇಡ ಅಂದರೆ ಹೇಗೆ?”

“ಒಂದು ಕೇಳ್ತೀನಿ. ನೀವು ಅಂಗಡೀಲಿ ಇದ್ದಷ್ಟು ಕಾಲ, ಬೀದೀಲಿ ಹೋಗೋರನ್ನ ನಿಲ್ಲಿಸಿ, ಗಂಟೆ ಬಾರಿಸಿ, ‘ನಿಮ್ಮ ಗಡಿಯಾರ ಕೆಟ್ಟಿದೆ, ಬಿಚ್ಚಿ ಕೊಡಿ’ ಅಂದಿದ್ದೀರಾ?”

“ಛೆ! ನಾನ್ಯಾಕೆ ಹಾಗಂತೀನಿ? ಕೆಟ್ಟರೆ ಅವರೇ ತರ್ತಾರೆ.”

“‘ಗಡಿಯಾರ ನನ್ನ ಹತ್ತಿರ ಇರೋದು ಮನೇಲಿ ಯಾರಿಗೂ ಹೇಳಬೇಡಿ’ ಅಂತ?”

ಮಾವ ಕನ್ನಡಕ ತೆಗೆದು, ಅಂಗಿ ಅಂಚಿನಲ್ಲಿ ಒರೆಸತೊಡಗಿದರು.

“ನಿಜವಾದ ಕಂಪ್ಯೂಟರ್ ಕಂಪನಿ ಪರದೆ ಮೇಲೆ ಸೈರನ್ ಹೊಡೆದು ಫೋನ್ ನಂಬರ್ ಕೊಡಲ್ಲ ಯಜಮಾನ್ರೇ. ಆ ಕೆಂಪು ಪರದೆ ವೈರಸ್ಸೇ ಅಲ್ಲ, ಬರೀ ಒಂದು ಚಿತ್ರ. ಕಂಪ್ಯೂಟರ್ ಆಫ್ ಮಾಡಿದ್ದರೆ ಅದೂ ಹೋಗ್ತಿತ್ತು. ಬೆಳಿಗ್ಗೆ ಬ್ಯಾಂಕ್ ಪೇಜ್ ತೆಗೆದಿದ್ದರೆ ಖಾತೆ ಅವನ ಕೈಗೆ ಹೋಗ್ತಿತ್ತು.”

ಅಷ್ಟರಲ್ಲಿ ನನ್ನ ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಒಳಗೆ ಬಂದರು. ಡ್ರೈವರ್ ಆದವರಿಗೆ ದಿನವಿಡೀ ಹಾರ್ನ್ ಕೇಳಿ ಕೇಳಿ ಧ್ವನಿಯೂ ಹಾರ್ನಿನಂತೆಯೇ ಆಗಿದೆ. ಕೊನೆಯ ಮಾತಷ್ಟೇ ಕಿವಿಗೆ ಬಿದ್ದಿರಬೇಕು.

“ಯಾರದು ಖಾತೆ? ಯಾವನೋ ಫೋನಲ್ಲಿ ಹೇಳಿದ ಅಂತ ಬ್ಯಾಂಕ್ ತೆಗೀತಾರಾ? ಈ ಕಾಲದಲ್ಲೂ ಇಂಥ ದಡ್ಡರು ಇದ್ದಾರಾ?”

ನಾನು ಕಣ್ಣಲ್ಲೇ ಸುಮ್ಮನಿರಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. “ಯಾರು ಹೇಳೇ, ಯಾವ ದಡ್ಡ?”

ಮಾವ ಕನ್ನಡಕ ಹಾಕಿಕೊಂಡರು.

“ಆ ದಡ್ಡ ನಾನೇ ಕಣೋ.”

ನನ್ನ ಗಂಡ ಚಪ್ಪಲಿಯನ್ನೂ ಬಿಡದೆ ಅಪ್ಪನ ಪಕ್ಕ ಬಂದು ಕೂತರು.

“ಅಪ್ಪಾ, ನಂಗ್ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಮುಂಚೇನೇ ದಡ್ಡ ಅಂದೆಯಲ್ಲೋ. ಮಗೂಗೆ ದಿನಾ ಬುದ್ಧಿ ಹೇಳೋನು, ನಾನೇ ಪುಕ್ಕಟೆ ಅಂತ ಒತ್ತಿದೆ. ಯಾವ ಮುಖ ಇಟ್ಕೊಂಡು ಹೇಳಲಿ?”

ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದಳು. ಅವಳ ಮುಖ ಸಣ್ಣಗಾಗಿತ್ತು.

“ತಾತಾ, ಹೋದ ತಿಂಗಳು ಗೇಮ್ ಆಡುವಾಗ ನಂಗೂ ಅದೇ ಕೆಂಪು ಪರದೆ ಬಂದಿತ್ತು. ಸ್ವಿಚ್ ಆರಿಸಿ ಸುಮ್ಮನಾದೆ. ನೀವು ಬೈತೀರಿ ಅಂತ ಹೇಳ್ಲಿಲ್ಲ.”

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಹುಡುಗಿ ಅವತ್ತೇ ಬಾಯಿ ಬಿಟ್ಟಿದ್ದರೆ ಮಾವನಿಗೆ ಇದು ಮೋಸ ಅಂತ ಗೊತ್ತಿರುತ್ತಿತ್ತು. ಬೈಗುಳಕ್ಕೆ ಹೆದರಿ ಅವಳು ಬಚ್ಚಿಟ್ಟಳು. ಅವರೂ ಬಚ್ಚಿಟ್ಟರು. ಕಳ್ಳನಿಗೆ ಬೇಕಿದ್ದದ್ದೂ ಅದೇ.

“ಬಾರೇ ಇಲ್ಲಿ” ಎಂದು ಮಾವ ಅವಳನ್ನು ಪಕ್ಕಕ್ಕೆ ಕರೆದುಕೊಂಡರು. “ಆರಿಸಿದ್ಯಲ್ಲ, ನನಗಿಂತ ಜಾಣೆ ನೀನು. ಮುಂದಕ್ಕೆ ಏನಾದರೂ ಬಂದರೆ ಮೊದಲು ನಂಗೆ ಹೇಳು. ಬೈದರೆ ನನ್ನ ಕಿವಿ ಹಿಂಡು.”

ಆಮೇಲೆ ಕೆಲಸ ಬೇಗ ಬೇಗ ಆಯಿತು. ಟೀಚರ್ ಆ ಸಾಫ್ಟ್‌ವೇರ್ ತೆಗೆದು, ಕಂಪ್ಯೂಟರನ್ನು ಪೂರ್ತಿ ಪರೀಕ್ಷೆ ಮಾಡಿದರು. ನನ್ನ ಗಂಡ ಪಾಸ್‌ಬುಕ್ಕಿನ ಮೇಲಿದ್ದ ನಂಬರಿಗೇ ಫೋನ್ ಮಾಡಿ ಬ್ಯಾಂಕಿಗೆ ತಿಳಿಸಿದರು. ಮಗಳು ತನ್ನಪ್ಪನ ಮೊಬೈಲಿನಲ್ಲಿ ತಾತನ ಜೊತೆ ಕೂತು ಪಾಸ್‌ವರ್ಡ್ ಎಲ್ಲ ಬದಲಾಯಿಸಿದಳು. ಖಾತೆಯಲ್ಲಿದ್ದದ್ದು ಇದ್ದಂತೆಯೇ ಇತ್ತು.

ಮರುದಿನ ಬೆಳಿಗ್ಗೆ ಸರಿಯಾಗಿ ಹತ್ತಕ್ಕೆ ಮಾವನ ಫೋನ್ ರಿಂಗಾಯಿತು. ಕೈ ಒಮ್ಮೆ ಅತ್ತ ಹೋಯಿತು. ವಾಪಸ್ ಬಂತು. ರಿಂಗಾಗಿ ರಿಂಗಾಗಿ ನಿಂತಿತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಅಜ್ಜಿಯೋ ತಾತನೋ ಮೊಬೈಲು, ಕಂಪ್ಯೂಟರ್ ಕಲಿಯುತ್ತಿರಬಹುದು. ಪರದೆ ಕಿರುಚಿದರೆ ಆ ನಂಬರಿಗೆ ಫೋನ್ ಮಾಡಬೇಡಿ, ಆಫ್ ಮಾಡಿ ಎಂದು ಇವತ್ತೇ ಅವರಿಗೆ ಹೇಳಿ. ಗೊತ್ತಿಲ್ಲದವರು ಹಾಕಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ. ಹಾಕಿಕೊಂಡಾಗಿದ್ದರೆ ಇಂಟರ್ನೆಟ್ ಕಿತ್ತು, ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ತಕ್ಷಣ ತಿಳಿಸಿ. “ಯಾರಿಗೂ ಹೇಳಬೇಡಿ” ಅಂದವನನ್ನು ಅಲ್ಲೇ ಕಳ್ಳ ಅಂತ ತಿಳಿಯಿರಿ.

ಇಷ್ಟೂ ಗೊತ್ತಿದ್ದೂ ಅವರು ಒಂದು ದಿನ ಎಡವಬಹುದು. ಅವತ್ತು ಅವರು ಬಂದು ಹೇಳುವ ಹಾಗೆ ನಿಮ್ಮ ಮುಖ ಇರಲಿ. ಬೈಯಬೇಡಿ. ದಣಿವು ನಮಗೂ ಇರುತ್ತದೆ, ನಿಜ. ಆದರೂ ನಿಟ್ಟುಸಿರು ಬಿಡಬೇಡಿ. ಅದೂ ಅವರ ಕಿವಿಗೆ ಬೈಗುಳವೇ.

ಮಾವನಿಗೆ ಕೊಟ್ಟ ಮಾತನ್ನು ನಾನು ಎಷ್ಟೋ ಸಲ ಮುರಿದಿದ್ದೆ. ಆ ಸಂಜೆ ಮುರಿಯಲಿಲ್ಲ.