ಗುರುವಾರದ ಐರಿಷ್

ಅಪ್ಪನ ದೇಹಕ್ಕೆ ಉಡಿಸಬೇಕಿದ್ದ ಬಿಳಿ ಪಂಚೆಯನ್ನು ಲತೇಶ್ ಕಪಾಟಿನಿಂದ ಎಳೆದಾಗ, ಅದರ ಹಿಂದಿನಿಂದ ನಾಲ್ಕು ಪುಸ್ತಕಗಳು ನೆಲಕ್ಕೆ ಬಿದ್ದವು.

"ಐರಿಷ್ ಕಲಿಯುವ ಪುಸ್ತಕ ಅಮ್ಮ. ಎರಡು ಐರ್ಲೆಂಡಿನ ಡೊನೆಗಾಲ್ ಕಡೆಯ ಮಾತಿನದ್ದು, ಎರಡು ಕೆರಿ ಕಡೆಯದ್ದು. ಅಪ್ಪನಿಗೆ ಎಂತಕ್ಕೆ ಇದು?"

ಜಲಜಾಕ್ಷಿ ಕನ್ನಡಕ ಏರಿಸಿದರು. ಡೊನೆಗಾಲ್ ಪುಸ್ತಕದ ಪುಟಪುಟದಲ್ಲೂ ಗಂಡನ ಪೆನ್ಸಿಲ್ ಗುರುತು. ಕೊನೆಯಲ್ಲಿ ಕನ್ನಡದಲ್ಲಿ ಒಂದು ಸಾಲು: ‘ನೋರಾಳ ಮಾತು ಇದಲ್ಲ. ಅವಳದು ಕೆರಿ. ಮತ್ತೆ ಮೊದಲಿನಿಂದ.’

"ಯಾರಿದು ನೋರಾ?"

"ನಾನು ಸಿಡ್ನಿಯಲ್ಲಿರುವವ. ಇಲ್ಲಿ ಒಂದೇ ಮನೆಯಲ್ಲಿದ್ದವಳು ನೀನು, ನನ್ನತ್ರ ಕೇಳ್ತಿಯಾ?"

*

ಮೆಲ್ಬರ್ನ್‌ನ ಟ್ರಾಮ್ ಚಾಲಕನ ಕೆಲಸದಿಂದ ನಿವೃತ್ತರಾದ ಮೇಲೆ ತನಿಯಪ್ಪನವರಿಗೆ ಗುರುವಾರದ ಗುಟ್ಟೊಂದು ಅಂಟಿಕೊಂಡಿತ್ತು. ಇಸ್ತ್ರಿಯ ಅಂಗಿ ತೊಟ್ಟು, ಎಲ್ಲಿಗೆಂದು ಹೇಳದೆ ಹೊರಡುವರು. ಉಳಿದ ದಿನ ಹೆಂಡತಿ ಕೋಣೆಗೆ ಬಂದರೆ ಇಯರ್‌ಫೋನ್ ಕಿತ್ತು ಕಿಸೆಗೆ ತುರುಕುವರು.

"ಯಾರೊಟ್ಟಿಗೆ ಮಾತು?"

"ರೇಡಿಯೋ ಮಾರಾಯ್ತಿ."

ರೇಡಿಯೋ ಕೇಳುವವರ ತುಟಿ ಅಲುಗುವುದಿಲ್ಲ. ನಾಲ್ಕು ವರ್ಷ ಜಲಜಾಕ್ಷಿ ಆ ತುಟಿಗಳನ್ನು ಕಾದಿದ್ದರು.

*

ಅಂತ್ಯಸಂಸ್ಕಾರದ ಚಾಪೆಲ್‌ನೊಳಕ್ಕೆ ಗಾಲಿಕುರ್ಚಿಯೊಂದು ಬಂತು. ಅದರಲ್ಲಿ ತೊಂಬತ್ತು ದಾಟಿದ ಬಿಳಿಯ ಮುದುಕಿ. ತಳ್ಳುತ್ತಿದ್ದವಳು ವೃದ್ಧಾಶ್ರಮದ ನರ್ಸ್ ತೇಜಸ್ವಿನಿ.

"ಆಂಟಿ, ಇವ್ರು ನೋರಾ. ಸ್ಟ್ರೋಕ್ ಆದ್ಮೇಲೆ ಇಂಗ್ಲಿಷ್ ಪೂರ್ತಿ ಹೋಯ್ತು, ಚಿಕ್ಕವಯಸ್ಸಿನ ಐರಿಷ್ ಒಂದೇ ಉಳೀತು. ಅಂಕಲ್ ನಮ್ಮಲ್ಲಿ ವಾಲಂಟಿಯರ್ ಅಲ್ವಾ, ಕಲಿತು ಮಾತಾಡಿಸ್ತೀನಿ ಅಂದ್ರು. ಲೈಬ್ರರಿ ಸೇಲ್‌ನಲ್ಲಿ ಸಿಕ್ಕಿದ ಬುಕ್ ಹಿಡ್ಕೊಂಡು ಎರಡು ವರ್ಷ ಕಲ್ತು ಬಂದ್ರೆ, ಈಯಮ್ಮ ಗೋಡೆ ಕಡೆ ತಿರುಗಿ ಮಲಗಿಬಿಟ್ರು! ಬೇರೆ ಸೀಮೆ ಮಾತಂತೆ."

ಲತೇಶ್‌ನ ಮುಖ ಸಡಿಲಾಯಿತು. "ಶಾಲೆಯಲ್ಲಿ ಕಲಿಸುವ ಸ್ಟ್ಯಾಂಡರ್ಡ್ ಐರಿಷ್ ಅಂತ ಒಂದು ಉಂಟಲ್ಲ, ಅದನ್ನೇ ಕಲಿಬಹುದಿತ್ತು."

"ನಾನೂ ಹೇಳ್ದೆ. ಆ ಭಾಷೇಲಿ ಯಾವ ತಾಯೀನೂ ಮಗೂನ ಬೈದಿಲ್ಲ ಅಂದ್ರು. ಹುಟ್ಟಿದೂರಿನ ಮಾತೇ ಆಗ್ಬೇಕು ಅಂತ ಮತ್ತೆ ಎರಡು ವರ್ಷ."

ಸಂಶಯ ಇಳಿಯಬೇಕಿತ್ತು. ಜಲಜಾಕ್ಷಿಯ ಎದೆಯಲ್ಲಿ ಅದು ಮಗ್ಗುಲು ಬದಲಿಸಿತಷ್ಟೆ.

*

ಮದುವೆಯಾಗಿ ಉಡುಪಿಗೆ ಬಂದ ಮೊದಲ ವಾರ, ಜಲಜಾಕ್ಷಿಯ ಕಾಸರಗೋಡಿನ ತುಳು ಕೇಳಿ ಮನೆಮಂದಿ ನಕ್ಕಿದ್ದರು. ಊಟದ ಕೈ ತೊಳೆಯುವಾಗ ತನಿಯಪ್ಪ ತಗ್ಗಿದ ದನಿಯಲ್ಲಿ ಹೇಳಿದ್ದರು: "ಇಲ್ಲಿಯವರ ಹಾಗೆ ಮಾತಾಡು. ನನಗೆ ನಾಚಿಕೆ ಆಗ್ತದೆ."

ಒಂದು ತಿಂಗಳಲ್ಲಿ ಅವರು ನಾಲಗೆ ತಿದ್ದಿಕೊಂಡರು. ಆಮೇಲೆ ನಲವತ್ತಮೂರು ವರ್ಷ ತವರಿನ ತುಳು ಆಡಲೇ ಇಲ್ಲ.

*

ಗಂಡ ತನ್ನಿಂದ ಬಚ್ಚಿಟ್ಟದ್ದು ನೋರಾಳನ್ನೋ, ಅಂದು ಆಡಿದ ಆ ಮಾತಿನ ನಾಚಿಕೆಯನ್ನೋ ಎಂದು ಅವರಿಗೆ ಈಗ ಅನುಮಾನವಾಯಿತು.

ನೋರಾ ತೆರೆದ ಶವಪೆಟ್ಟಿಗೆಯ ಅಂಚು ಹಿಡಿದು ಏನೋ ಹೇಳಿ, ಉತ್ತರಕ್ಕೆ ಕಾದರು. ಜಲಜಾಕ್ಷಿ ಎದ್ದು ಎದುರು ಬದಿಗೆ ಹೋದರು. ಗಂಡನ ಮುಖಕ್ಕೆ ಬಾಗಿ ಬೈಯತೊಡಗಿದರು. ಮೊದಲು ತಡವರಿಸುತ್ತ, ಆಮೇಲೆ ಸರಾಗವಾಗಿ, ತವರಿನ ರಾಗದಲ್ಲಿ.

"ಅಮ್ಮ, ಎಂತ ಹೇಳ್ತಿದ್ದಿ? ಅದು ಯಾವ ತುಳು?" ಲತೇಶ್ ತೋಳು ಹಿಡಿದ.

ಅವರು ನಿಲ್ಲಿಸಲಿಲ್ಲ. ನೋರಾ ಕೂಡ ಮತ್ತೆ ಶುರುಮಾಡಿದರು. ಪೆಟ್ಟಿಗೆಯ ಆಚೆ ಕೆರಿ, ಈಚೆ ಕಾಸರಗೋಡು; ನಡುವೆ ತನಿಯಪ್ಪ, ಎರಡೂ ಕಿವಿಗಳಲ್ಲಿ ಹತ್ತಿ.