ತಳ ಹಿಡಿದ ಹಾಲು

ಈ ಮಿಷನ್ನಿಗೂ ನಿನಗೂ ಒಂದೇ ಕಾಯಿಲೆ ಕಣೇ, ಸುಮ್ಸುಮ್ನೆ ಕಿರುಚ್ಕೊಳೋದು, ಅಂದ ಗಂಡ, ಹಮಾಲರೆಲ್ಲ ಹೋ ಅಂತ ನಕ್ಕರು, ನಗಲಿ ಅಂತಲೇ ಅವನು ಅಂದದ್ದು, ಅವಳ ಕೈಯಲ್ಲಿ ಗ್ಯಾಸ್ ಮೀಟರು ಕೀ ಕೀ ಕೀ ಅಂತ ಕೂಗುತ್ತಲೇ ಇತ್ತು, ಗೂಡಿನಿಂದ ಬಿದ್ದ ಹಕ್ಕಿಮರಿ ಹಾಗೆ, ಕೆಂಪು ದೀಪ ಹತ್ತುತ್ತಾ ಆರುತ್ತಾ — ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು, ತನ್ನ ಬಾಯಿ ಮುಚ್ಚಿ ಎಷ್ಟೋ ಕಾಲವಾಗಿದೆ. ಗೋದಾಮಿನ ಬಾಗಿಲಿಗೆ ತಾನೇ ಅಂಟಿಸಿದ ಫಲಕ, ತಲೆಬುರುಡೆ, ಅದರಡಿ ಅಡ್ಡಡ್ಡ ಎರಡು ಮೂಳೆ, ವಿಷಾನಿಲ ಇದೆ ಒಳಗೆ ಬರಬೇಡಿ, ಪರವಾನಗಿ ಪಡೆದವರು ಅನ್ನೋ ಜಾಗದಲ್ಲಿ ತನ್ನ ಹೆಸರು, ಟೇಪಿನ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಅನ್ನುತ್ತಿದೆ, ಈ ಚಳಿಗೆ ಟೇಪು ಕೂಡ ಹಿಡಿಯೋದಿಲ್ಲ, ಚಳಿ, ಅದೇ ಇವತ್ತಿನ ತೊಂದರೆ, ಚಳಿಗೆ ವಿಷದ ಮಾತ್ರೆ ಸೋಮಾರಿಯಾಗುತ್ತೆ, ನಿಧಾನಕ್ಕೆ ಪುಡಿಯಾಗಿ ನಿಧಾನಕ್ಕೆ ಅನಿಲ ಬಿಡುತ್ತೆ, ಮುಗೀತು ಅಂದುಕೊಂಡ ಮೇಲೂ ಬಿಡುತ್ತಲೇ ಇರುತ್ತೆ, ಮೀಟರು ಅದನ್ನೇ ಹೇಳುತ್ತಿರೋದು, ಒಳಗೆ ಹುಳ ಸಾಯಲಿ ಅಂತ ಮಾತ್ರೆ ಇಟ್ಟ ಕಾಳಿನ ಚೀಲಗಳ ಸಾಲು, ಸಾಲಿನ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ, ಅಂಚು ಏಳದ ಹಾಗೆ ಸುತ್ತ ಮರಳು ತುಂಬಿದ ಉದ್ದುದ್ದ ಚೀಲ, ಅದಕ್ಕೆ ಇವರ ಬಾಯಲ್ಲಿ ಹಾವು ಅಂತಲೇ ಹೆಸರು, ಹೊದಿಕೆಯ ಅಡಿಯಿಂದ ಒಂದು ತೆಳ್ಳನೆ ಕೊಳವೆ ಬಾಗಿಲ ಸಂದಿಯಲ್ಲಿ ಹೊರಗೆ ಬಂದಿದೆ, ಅದರ ತುದಿಗೆ ಮೀಟರು ಹಿಡಿದರೆ ಒಳಗೆ ಕಾಲಿಡದೆಯೇ ಒಳಗಿನ ಸುದ್ದಿ ಗೊತ್ತಾಗುತ್ತೆ, ಸುದ್ದಿ ಕೆಟ್ಟದ್ದು. ಬೆನ್ನಿಗೆ ಗಾಳಿ ಸಿಲಿಂಡರು ಕಟ್ಟಿ, ಮುಖಕ್ಕೆ ಮಾಸ್ಕ್ ಬಿಗಿದು, ಬಾಗಿಲಲ್ಲಿ ಇನ್ನೊಬ್ಬರನ್ನು ಅದೇ ವೇಷದಲ್ಲಿ ಕಾಯಲು ನಿಲ್ಲಿಸಿ ಒಳಗೆ ಹೋಗಬೇಕು, ಕಾನೂನು ಅದು, ಹೊದಿಕೆ ಬಿಚ್ಚಿ ಗಾಳಿ ಆಡಿಸಿ ಮತ್ತೆ ಅಳೆದು ಆಮೇಲಷ್ಟೇ ಫಲಕ ಕೀಳಬೇಕು, ಎರಡು ಸಿಲಿಂಡರೂ ವ್ಯಾನಿನಲ್ಲಿ ಅಣ್ಣತಮ್ಮಂದಿರ ಹಾಗೆ ಒರಗಿಕೊಂಡು ಮಲಗಿವೆ, ಅವನು ಬರಿ ಮುಖದಲ್ಲಿ ಬಾಗಿಲ ಹತ್ತಿರ ನಿಂತು ತೋಳು ಮಡಚುತ್ತಿದ್ದಾನೆ.

ಲಾರಿ ಕಾಯ್ತಾ ಇವೆ ಮೂಗಣ್ಣ, ಬೇಗ ಬೇಗ, ಅನ್ನುತ್ತಾನೆ ಗೋದಾಮಿನ ಸೂಪರ್‌ವೈಸರು, ಕುತ್ತಿಗೆಗೆ ಮಫ್ಲರು, ಹೊಟ್ಟೆ ಮುಂದೆ, ಮನುಷ್ಯ ಹಿಂದೆ, ಮೂಗಣ್ಣ ಅನ್ನೋದು ಗಂಡನಿಗೆ ಇವನೇ ಇಟ್ಟ ಹೆಸರು, ಊರೆಲ್ಲ ಹಾಗೇ ಕರೆಯೋದು, ಅವನಿಗೂ ಅದರ ಮೇಲೆ ಪ್ರೀತಿ, ಮೀಟರಿಗೆ ಬ್ಯಾಟರಿ ಹಾಕ್ಬೇಕು ಸಾರ್, ನನ್ನ ಮೂಗಿಗೆ ಎರಡು ತೂತು ಸಾಕು ಅಂತ ಹೋದ ಕಡೆಯೆಲ್ಲ ಹೇಳಿದ್ದೇ ಹೇಳಿದ್ದು, ಬಾಗಿಲು ಸ್ವಲ್ಪ ತೆರೆದು ತಲೆ ತೂರಿಸಿ ಒಮ್ಮೆ ಎಳೆದರೆ ಸಾಕು, ಬೆಳ್ಳುಳ್ಳಿ ವಾಸನೆ ಬಂದರೆ ಇನ್ನೂ ಇದೆ, ಬರದಿದ್ದರೆ ಹೋಗಿದೆ, ಅಪ್ಪನಿಂದ ಕಲಿತ ವಿದ್ಯೆ ಅದು, ಮಾವ ಬದುಕಿದ್ದಾಗ ಮಗನ ಮೂಗನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಆಸ್ತಿ ಏನೂ ಬಿಟ್ಟು ಹೋಗ್ತಿಲ್ಲ ಕಣಮ್ಮ, ಇದೊಂದು ಬಿಟ್ಟು ಹೋಗ್ತಿದ್ದೀನಿ ಅನ್ನೋರು. ಪರವಾನಗಿಯ ಪರೀಕ್ಷೆಗೆ ಗಂಡನೂ ಕೂತಿದ್ದ, ಫೇಲಾದ, ಮತ್ತೆ ಕೂತ, ಮತ್ತೆ ಫೇಲಾದ, ಆ ಅನಿಲಕ್ಕೆ ಮೂಗು ನಂಬಬೇಡಿ, ಸ್ವಲ್ಪ ಹೊತ್ತಿಗೆ ಮೂಗು ಮರಗಟ್ಟುತ್ತೆ, ವಾಸನೆ ಇಲ್ಲ ಅಂದರೆ ವಿಷ ಇಲ್ಲ ಅಂತ ಅರ್ಥವಲ್ಲ ಅಂತ ಪುಸ್ತಕದಲ್ಲಿ ಬರೆದದ್ದನ್ನು ಓದಿ ಇದನ್ನ ಬರೆದವನಿಗೆ ನೆಗಡಿ ಇದ್ದಿರ್ಬೇಕು ಅಂದಿದ್ದ, ಆಮೇಲೆ ಅವಳನ್ನು ಕೂರಿಸಿದ, ಅವಳು ಪಾಸಾದಳು, ಪಾಸಾದ ತಪ್ಪಿಗೆ ಇವತ್ತಿಗೂ ಪ್ರತಿ ಗೋದಾಮಿನ ಬಾಗಿಲಲ್ಲೂ ಹಮಾಲರ ಮುಂದೆ ಒಂದು ಮಾತು, ಇವತ್ತಿನದು ಮಿಷನ್ನಿನ ಮಾತು, ಹೋದ ಸಲದ್ದು ಅವಳ ಮುಖದ ಪೌಡರಿಗೆ ಮೀಟರು ಕೂಗುತ್ತೆ ಅನ್ನೋದು, ಅದಕ್ಕೂ ನಕ್ಕಿದ್ದರು.

ಅದೇ ಮೂಗು ಮನೆಯಲ್ಲೂ ಡ್ಯೂಟಿ ಮಾಡುತ್ತಿತ್ತು — ಹೊಸದರಲ್ಲಿ ಅದು ಮುದ್ದು ಅನ್ನಿಸಿತ್ತು, ನೀನು ಅತ್ತಿದ್ದೀಯ, ಕಣ್ಣೀರಿಗೂ ಒಂದು ವಾಸನೆ ಇದೆ ಅಂದಾಗ ಅವಳು ಕರಗಿ ಹೋಗಿದ್ದಳು, ಆಮೇಲೆ ಆಮೇಲೆ ಹೊರಗಿಂದ ಬಂದು ಚಪ್ಪಲಿ ಬಿಡೋ ಮುಂಚೆ ತಲೆಗೂದಲಿಗೆ ಮೂಗು, ಸೆರಗಿಗೆ ಮೂಗು, ಅಂಗೈಗೆ ಮೂಗು, ಬಸ್ಸಲ್ಲಿ ಬಂದಿಲ್ಲ, ಯಾರ ಕಾರು, ಇದು ನಮ್ಮ ಸೋಪಲ್ಲ, ಎಲ್ಲಿ ಕೈ ತೊಳೆದೆ, ಇದು ನಿಮ್ಮಕ್ಕನ ಮನೆ ಹೊಗೆ. ಅಕ್ಕನದು ಇಸ್ತ್ರಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ, ಕೆಂಡದ ಹೊಗೆ, ಗಂಜಿ ಹಾಕಿದ ಬಟ್ಟೆಯ ಬಿಸಿ ವಾಸನೆ, ಒಂದು ನಿಮಿಷ ಕೂತು ಎದ್ದರೂ ಕೂದಲಿಗೆ ಹತ್ತಿಕೊಳ್ಳುತ್ತೆ, ಅಕ್ಕ ಒಂದು ಸಲ ಅವನ ಮುಖಕ್ಕೇ ಅಂದಿದ್ದಳು, ಏನು ಭಾವ, ನಮ್ಮ ಹುಡುಗಿಯನ್ನ ಮದುವೆ ಆಗಿದ್ದೀರೋ ಕಾವಲಿಗೆ ಸೇರ್ಕೊಂಡಿದ್ದೀರೋ, ಅವತ್ತಿಂದ ಅಕ್ಕನ ಮನೆ ಬಂದ್. ಫೋನಿನಲ್ಲಿ ಅಕ್ಕ ಅಳುತ್ತಾಳೆ, ಸ್ನಾನ ಮಾಡ್ಕೊಂಡು ಹೋಗೇ, ನಾನೇ ನೀರು ಕಾಯಿಸಿ ಕೊಡ್ತೀನಿ — ಸ್ನಾನ ಮಾಡಿದ ವಾಸನೆಗೆ ಏನು ಹೇಳಲಿ ಅಕ್ಕಾ. ಎಷ್ಟು ಸಲ ನೆಲ ಒರೆಸುತ್ತಾ, ಪಾತ್ರೆ ಉಜ್ಜುತ್ತಾ, ಈ ಮೂಗು ಬಿದ್ದು ಹೋಗಲಿ ಅಂದುಕೊಂಡಿದ್ದಾಳೋ, ಮೆಲ್ಲಗೆ, ಒಳಗೊಳಗೇ.

ಬಿದ್ದು ಹೋಯಿತು. ಒಂದು ವಾರದ ಜ್ವರ, ಕೆಮ್ಮು, ಎದ್ದ ಮೇಲೆ ಅವನು ಊಟ ಮಾಡುವಾಗ ಮಾತಾಡೋದು ಕಮ್ಮಿಯಾಯಿತು, ಅಷ್ಟೇ ಗೊತ್ತಾದದ್ದು, ಆಮೇಲೆ ಆ ಬೆಳಿಗ್ಗೆ, ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಹಿತ್ತಲಿಗೇ ಬಂತು ವಾಸನೆ, ಸೀದ ಹಾಲಿನದು, ಗಂಟಲಿಗೆ ಇಳಿಯುವಂಥದ್ದು, ಓಡಿ ಬಂದಳು, ಒಲೆಯ ಮೇಲೆ ಪಾತ್ರೆ, ಉಕ್ಕಿ ಸುರಿದು ಉಳಿದದ್ದು ತಳ ಹಿಡಿದು ಕಪ್ಪಗೆ ಕುದಿಯುತ್ತಿದೆ, ಹೊಗೆ ಸೂರು ಮುಟ್ಟುತ್ತಿದೆ, ಒಲೆಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಅವನು ಒಲೆಗೆ ಬೆನ್ನು ಹಾಕಿ ಕನ್ನಡಿ ಹಿಡಿದುಕೊಂಡು ಗಡ್ಡ ಕೆರೆಯುತ್ತಾ ನಿಂತಿದ್ದಾನೆ, ಗುನುಗುತ್ತಿದ್ದಾನೆ, ಅವನದೇ ಆ ಪದವಿಲ್ಲದ ರಾಗ, ಹೂಂ ಹೂಂ ಹೂಂಹೂಂ, ಆರಾಮಾಗಿ. ಅವಳು ಹೊಸ್ತಿಲಲ್ಲೇ ನಿಂತಳು. ಒಲೆ ಆರಿಸಲಿಲ್ಲ. ಎಷ್ಟು ಹೊತ್ತು ನಿಂತಳೋ, ಆ ಹೊಗೆ, ಆ ಗುನುಗು, ಆಮೇಲೆ ಸದ್ದಿಲ್ಲದೆ ಹೋಗಿ ಆರಿಸಿದಳು, ಅವನು ತಿರುಗಿ ನೋಡಿ ಕರಿ ಪಾತ್ರೆ ಕಂಡು ಒಂದು ಕ್ಷಣ ಕಣ್ಣು ಅರಳಿಸಿ, ಆಮೇಲೆ ಮುಖ ಗಂಟಿಕ್ಕಿ, ಆಗಿಂದ ನೋಡ್ತಾನೇ ಇದ್ದೀನಿ, ಯಾವಾಗ ಬಂದು ಇಳಿಸ್ತೀಯ ಅಂತ, ಮನೆ ಹಾಳು ಮಾಡೋಕೇ ಹುಟ್ಟಿದ್ದೀಯ ಅಂದ. ಅವಳು ಹೂಂ ಅಂದಳು. ಮಾರನೆಯ ದಿನವೇ ಬಿಲ್ಲು ಕೊಡೋಕೆ ಆಫೀಸಿಗೆ ಅಂತ ಹೊರಟು ಅಕ್ಕನ ಮನೆಗೆ ಹೋದಳು, ಬೇಕೂ ಅಂತ ಕೆಂಡದ ಪಕ್ಕ ಕೂತಳು, ಕೂದಲು ಬಿಚ್ಚಿಕೊಂಡು ಕೂತಳು, ಮನೆಗೆ ಬಂದಾಗ ಅವನು ಎಂದಿನಂತೆ ತಲೆಗೆ ಮೂಗಿಟ್ಟು ಉದ್ದಕ್ಕೆ ಎಳೆದ, ತಲೆದೂಗಿದ, ನೇರ ಆಫೀಸಿಂದ ಬಂದಿದ್ದೀಯ, ಒಳ್ಳೇದು, ಅಂದ. ಅಯ್ಯೋ, ಆ ರಾತ್ರಿ ಹಾಸಿಗೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕದ್ದು, ಏನಾಯ್ತೇ ಅಂದರೆ ಕೆಮ್ಮು ರೀ, ನಿಮ್ಮದೇ ಅಂಟಿರ್ಬೇಕು.

ಏನು ನಿಂತ್ಕೊಂಡೇ ನಿದ್ದೆನಾ, ಅನ್ನುತ್ತಾನೆ ಅವನು ಈಗ, ಬಾಗಿಲ ಅಡ್ಡಪಟ್ಟಿಗೆ ಕೈ ಹಾಕಿ, ಹಮಾಲರಲ್ಲಿ ಹಿರಿಯ, ಸಿಗರೇಟು ಕಿವಿಗೆ ಸಿಕ್ಕಿಸಿಕೊಂಡವನು, ಅಮ್ಮಾವ್ರು ಕನಸು ಕಾಣ್ತಾ ಇದ್ದಾರೆ ಬಿಡಿ ಅನ್ನುತ್ತಾನೆ. ಆ ಹಾಲು ಸೀದ ಮೇಲೆ ಬಿಸ್ಕತ್ತು ಫ್ಯಾಕ್ಟರಿಯ ಕೆಲಸ ಬಂದಿತ್ತು, ಅಲ್ಲೂ ಬರಿ ಮುಖದಲ್ಲಿ ತಲೆ ತೂರಿಸಿದ, ಅದಕ್ಕೆ ಮುಂಚೆ ಅವಳು ಹಿಂದಿನ ಕಿಟಕಿಯಲ್ಲಿ ಕದ್ದು ಮೀಟರು ಹಿಡಿದು ನೋಡಿದ್ದಳು, ಸೊನ್ನೆ, ನಿಶ್ಚಿಂತೆಯಾಗಿ ಬಿಟ್ಟಳು. ಅದಾದ ಮೇಲೆ ಕಾಗದದ ಗೋದಾಮು, ಅಲ್ಲಿ — ಅಲ್ಲಿ ನೋಡಲಿಲ್ಲ. ಮೀಟರು ಚೀಲದಲ್ಲೇ ಇತ್ತು, ಚೀಲ ಹೆಗಲಲ್ಲೇ ಇತ್ತು, ತೆಗೆಯಲು ಕೈ ಏಳಲಿಲ್ಲ, ಹಿಂದಿನ ದಿನ ಅವನು ಅಕ್ಕನ ಬಗ್ಗೆ ಏನೋ ಅಂದಿದ್ದ, ಏನಂದಿದ್ದ, ಮರೆತು ಹೋಗಿದೆ, ಬಾಗಿಲು ತೆರೆದ, ತಲೆ ಒಳಗೆ ಹೋಯಿತು, ಹೆಗಲು ಹೋಯಿತು, ಕಾಲು ಹೋಯಿತು, ಅವಳು ಹೊರಗೆ ಬಿಸಿಲಲ್ಲಿ ನಿಂತು ಆ ಕತ್ತಲೆಯನ್ನು ನೋಡುತ್ತಿದ್ದಳು, ಒಲೆ ಆರಿಸದೆ ನಿಂತ ಹಾಗೆ, ಏನಾಗುತ್ತೆ ನೋಡೋಣ ಅಂತ, ಅದೊಂದೇ, ನೋಡೋಣ ಅಂತ. ಏನೂ ಆಗಲಿಲ್ಲ. ಎಲ್ಲ ಸ್ವಚ್ಛ ಅಂತ ಚಪ್ಪಾಳೆ ತಟ್ಟುತ್ತಾ ಹೊರಬಂದ, ಅವನ ಮಾತು ನಂಬಿ ಅಲ್ಲಿನ ಆಳುಗಳು ಒಳಗೆ ಹೋದರು, ಆಮೇಲೆ ಅಳೆದು ನೋಡಿದೆ ಅನ್ನೋ ಕಾಗದಕ್ಕೆ ಅವಳು ಸಹಿ ಹಾಕಿದಳು, ಆ ಆಳುಗಳಲ್ಲಿ ಒಬ್ಬ ಕುಂಟುತ್ತಿದ್ದ, ಅವನ ಮುಖ ಯಾಕೆ ನೆನಪಿಗೆ ಬರಬೇಕು, ಬರೋದು ಬೇಡ.

ಇವತ್ತು ಹಾಗಲ್ಲ, ಇವತ್ತು ಮೀಟರು ಹೇಳಿಬಿಟ್ಟಿದೆ, ನೋಡೋಣ ಅನ್ನಲು ಏನೂ ಉಳಿದಿಲ್ಲ, ಒಳಗೆ ಹೋಗುತ್ತಾನೆ, ಬೆಳ್ಳುಳ್ಳಿ ಇಲ್ಲ ಅನ್ನುತ್ತಾನೆ, ಬಗ್ಗಿ ಹಾವು ಎಳೆದು ಹೊದಿಕೆ ಎತ್ತುತ್ತಾನೆ, ಎತ್ತಿದ ಕೂಡಲೇ ಅಡಿಯಲ್ಲಿದ್ದದ್ದೆಲ್ಲ ಮುಖಕ್ಕೆ. ಅವಳು ಏನೂ ಮಾಡಬೇಕಿಲ್ಲ. ಪೊಲೀಸರು ಕೇಳಿದರೆ, ಹೇಳಿದ್ದೆ ಸಾರ್, ಮೀಟರು ಕೂಗಿತ್ತು, ಎಲ್ಲರೂ ಕೇಳಿಸಿಕೊಂಡರಲ್ಲ, ನಕ್ಕರಲ್ಲ, ಇಷ್ಟು ಸಾಕ್ಷಿ ಎಲ್ಲಿ ಸಿಗುತ್ತೆ, ಅಕ್ಕ ಬರುತ್ತಾಳೆ, ತಲೆ ಸವರುತ್ತಾಳೆ, ಕೂದಲಿಗೆ ಹೊಗೆ ಹತ್ತಿದರೆ ಹತ್ತಲಿ, ಕೇಳೋರು ಯಾರು. ಹೇಳಬೇಕಾದರೆ ಈಗಲೇ, ಇಷ್ಟು ಜನರ ಮುಂದೆ, ಅವನಿಗೆ ಮೂಗೇ ಇಲ್ಲ ಅಂತ ಹೇಳಬೇಕು, ಕೈ ಹಿಡಿದು ಎಳೆದರೆ ಕೊಡವುತ್ತಾನೆ, ಮೀಟರು ಅಂದರೆ ನಗುತ್ತಾನೆ, ಆ ಮಾತೊಂದೇ ಅವನನ್ನು ನಿಲ್ಲಿಸೋದು, ಆ ಮಾತು ಆಡಿದರೆ ಅವನು ಬದುಕುತ್ತಾನೆ, ಮೂಗಣ್ಣ ಸಾಯುತ್ತಾನೆ, ಸತ್ತ ಮೂಗಣ್ಣನ ಜೊತೆ ಅದೇ ಮನೆಯಲ್ಲಿ ಅವಳು ಬಾಳಬೇಕು, ಬೇಡ, ಬಾಯಿ ಮುಚ್ಚಿಕೊಂಡಿರು, ಮುಚ್ಚಿಕೊಂಡೇ ಇದ್ದೀಯಲ್ಲ — ಅವನು ಅಡ್ಡಪಟ್ಟಿ ಎತ್ತಿದ, ಕಬ್ಬಿಣ ಕಿರ್ ಅಂತು, ಎತ್ತುತ್ತಾ ಗುನುಗಲು ಶುರು ಮಾಡಿದ, ಹೂಂ ಹೂಂ ಹೂಂಹೂಂ, ಆರಾಮಾಗಿ, ಪಾತ್ರೆ ಕಪ್ಪಗೆ ಕುದಿಯುತ್ತಿದೆ, ಹೊಗೆ ಸೂರು ಮುಟ್ಟುತ್ತಿದೆ —

ಅವರಿಗೆ ವಾಸನೆ ಗೊತ್ತಾಗಲ್ಲ, ಅಂದಳು. ಯಾರೋ ಬೇರೆಯವರು ಅಂದ ಹಾಗೆ ಕೇಳಿಸಿತು. ಜ್ವರ ಬಂದಾಗಿಂದ ಮೂಗು ಹೋಗಿದೆ, ಹಾಲು ಸೀದು ಹೋದರೂ ಗೊತ್ತಾಗಲ್ಲ, ಒಳಗೆ ಬಿಡಬೇಡಿ. ಗುನುಗು ನಿಂತಿತು. ಹುಚ್ಚಿ, ಬೆಳಿಗ್ಗೆ ಏನೂ ತಿಂದಿಲ್ಲ, ತಲೆ ತಿರುಗಿದೆ, ಅಂದ ಅವನು, ಯಾರೂ ನಗಲಿಲ್ಲ, ಅದೇ ಮೊದಲು ಅವನ ಮಾತಿಗೆ ಯಾರೂ ನಗದೆ ಇದ್ದದ್ದು. ಏನು ಮೂಗಣ್ಣ, ಹೌದಾ, ಅಂದ ಸೂಪರ್‌ವೈಸರು, ನೋಡೇಬಿಡೋಣ, ಕಣ್ಮುಚ್ಚಿ ನೋಡೋಣ, ಮುಚ್ರೀ, ಹೆದ್ರಿಕೆನಾ, ಅಂದಮೇಲೆ ಅವನು ಮುಚ್ಚಲೇಬೇಕಾಯಿತು, ಗದ್ದ ಎತ್ತಿ, ಔಷಧಿಗೆ ಬಾಯಿ ತೆರೆದ ಮಗುವಿನ ಹಾಗೆ, ಸಿಗರೇಟಿನ ಹಮಾಲ ಲಾರಿಯ ಹತ್ತಿರ ಓಡಿ ಡೀಸೆಲ್ ಒರೆಸಿದ ಬಟ್ಟೆ ತಂದು ಮೂಗಿನ ಕೆಳಗೆ ಹಿಡಿದ, ಇಲ್ಲಿಗೇ ಬರುತ್ತಿದೆ ನಾತ, ಅವನ ಎದೆ ಉಬ್ಬಿತು, ಯೋಚನೆ ಮಾಡಿದ, ಸಿಗರೇಟು, ಅಂದ. ಮೊದಲು ನಕ್ಕದ್ದು ಅವಳೇ, ತಡೆಯಲಾಗಲಿಲ್ಲ, ಬಾಯಿಗೆ ತುರುಕಲು ಸೆರಗು ಸಿಗುವ ಮುಂಚೆಯೇ ಬಂದುಬಿಟ್ಟಿತು, ಹಿಂದೆಯೇ ಹಮಾಲರೆಲ್ಲ ಹೋ ಅಂದರು, ಇನ್ನೊಂದು ಇನ್ನೊಂದು, ಅಂದರು, ಈ ಸಲ ಇನ್ನೊಬ್ಬ ಬರಿ ಕೈ ಹಿಡಿದ, ಗಂಡ ಇನ್ನೂ ಕಣ್ಣು ತೆರೆದಿರಲಿಲ್ಲ, ಯಾಕೆ ತೆರೆಯಲಿಲ್ಲ, ಬರಿ ಅಂಗೈಯನ್ನು ಮೂಸಿ ಮೂಸಿ, ಈಗ ಡೀಸೆಲ್, ಅಂದ, ಸಣ್ಣ ದನಿಯಲ್ಲಿ, ಒಬ್ಬ ಹಮಾಲ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡ. ಸಾಕು, ಅಂದ ಸೂಪರ್‌ವೈಸರು, ಇವನ ಮೂಗು ನಂಬಿ ನನ್ನ ಜನರನ್ನ ಒಳಗೆ ಕಳಿಸ್ತಿದ್ನಲ್ರೋ, ಮೇಡಂ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಮಾಡಿ, ಲಾರಿ ನಿಂತರೆ ನಿಲ್ಲಲಿ. ಮೇಡಂ ಅಂದ, ಇವತ್ತು ಮೇಡಂ.

ವ್ಯಾನಿನ ಹಿಂದೆ ಅವರಿಬ್ಬರೇ, ಅವಳು ಮೊದಲು ತನ್ನ ಸಿಲಿಂಡರು ಕಟ್ಟಿಕೊಂಡಳು, ಆಮೇಲೆ ಅವನದು, ಬೆನ್ನಿನ ಪಟ್ಟಿ ಎಳೆದು ಬಿಗಿದಳು, ಅವನು ಎಳೆದ ಕಡೆ ಬಾಗಿದ, ಕೈ ಎತ್ತಿ ಅಂದರೆ ಎತ್ತಿದ, ಅವನ ಅಂಗಿಯ ತುಂಬ ಡೀಸೆಲ್ ನಾತ, ಅವನಿಗೆ ಗೊತ್ತಿಲ್ಲ. ಅಕ್ಕನ ಮನೆಗೂ ಹೋಗಿರ್ತೀಯ, ಅಂದ ಅವನು ನೆಲ ನೋಡುತ್ತಾ. ಹೋಗಿದ್ದೆ ರೀ. ನನಗೆ ಮೂಗಿಲ್ಲ ಅಂತ ಯಾವತ್ತಿಂದ ಗೊತ್ತು. ಹಾಲು ತಳ ಹಿಡೀತಲ್ಲ, ಅವತ್ತಿಂದ. ಅವನ ತುಟಿ ದಿನಗಳನ್ನು ಹಿಂದೆ ಹಿಂದೆ ಎಣಿಸುತ್ತಿತ್ತು, ಅವಳಿಗೆ ಗೊತ್ತಿತ್ತು ಎಲ್ಲಿ ಹೋಗಿ ನಿಲ್ಲುತ್ತೆ ಅಂತ, ಮಾಸ್ಕನ್ನು ಎರಡು ಕೈಯಲ್ಲಿ ಹಿಡಿದು ಕಾದಳು. ಕಾಗದದ ಗೋದಾಮಿಗೆ ನಾನು ಹೋದದ್ದು, ಅಂದ, ಅದಕ್ಕೆ ಮುಂಚೆನಾ, ಆಮೇಲಾ. ಆಮೇಲೆ, ಅಂದಳು.

ಮಾಸ್ಕ್ ಇಟ್ಟಳು. ತಲೆಯ ಹಿಂದೆ ಪಟ್ಟಿ ಎಳೆದಳು. ಸಿಲಿಂಡರಿಗೆ ಸೇರಿಸುವ ಮುಂಚೆ ಸಂದಿ ಉಳಿದಿದೆಯೋ ಅಂತ ನೋಡಬೇಕು, ಕೊಳವೆಯ ತುದಿಯನ್ನು ಅಂಗೈಯಿಂದ ಮುಚ್ಚಬೇಕು, ಹಾಕಿಕೊಂಡವರು ಉಸಿರೆಳೆಯಬೇಕು, ಮಾಸ್ಕ್ ಮುಖಕ್ಕೆ ಅಂಟಿದರೆ ಸರಿ, ತಕ್ಷಣ ಕೈ ತೆಗೆಯಬೇಕು. ಅವಳು ಮುಚ್ಚಿದಳು. ಅವನು ಎಳೆದ. ಅಂಟಿತು. ಗಾಜಿನ ಹಿಂದೆ ಅವನ ಕಣ್ಣು, ಅವಳನ್ನೇ ನೋಡುತ್ತಿರುವ ಕಣ್ಣು, ಕೊಸರಲಿಲ್ಲ, ಕೈ ತೆಗಿ ಅಂತ ಸನ್ನೆ ಮಾಡಲಿಲ್ಲ, ಅವಳ ಅಂಗೈ ಇದ್ದಲ್ಲೇ ಇತ್ತು, ಇನ್ನೂ ಇತ್ತು, ಆಮೇಲೆ ತೆಗೆದಳು. ಅವನು ಒಮ್ಮೆಗೇ ಬಿಟ್ಟ ಉಸಿರಿಗೆ ಗಾಜಿನ ತಳದಲ್ಲಿ ಬೆಳ್ಳಗೆ ಆವಿ ಹಿಡಿಯಿತು, ಮೇಲೇರಿತು, ಗದ್ದ ಮುಚ್ಚಿತು, ಬಾಯಿ ಮುಚ್ಚಿತು, ಮೂಗು ಮುಚ್ಚಿತು, ಬೆಳ್ಳಗೆ, ಅಂಚಿನವರೆಗೆ, ಉಕ್ಕುವ ಹಾಲಿನ ಹಾಗೆ, ಒಲೆಯ ಮೇಲೆ ಹಾಲು, ಅವಳು ಹೊಸ್ತಿಲಲ್ಲಿ, ಹಾಲು