ಶುಕ್ರವಾರದ ಆರು ಸಾವಿರ

ನನ್ನ ಬಾಯಿ ಜೋರು. ಆ ಜೋರು ನೋಡಿಯೇ ಕಾಂತೇಶ್ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು. ೨೦೦೬ರಲ್ಲಿ ಅವನು ತುಮಕೂರಿನ ಬಿ.ಎಚ್. ರಸ್ತೆಯ ಬೇಕರಿಯೊಂದರ ಮಹಡಿಯಲ್ಲಿ ಎರಡು ಕಂಪ್ಯೂಟರ್ ಹಾಕಿಕೊಂಡು ‘ಸರಾಗ ಪೇ’ ಅಂತ ಕಂಪನಿ ಶುರು ಮಾಡಿದ. ‘ಸ್ವರ್ಣಲತಾ, ಅಂಗಡಿಯವರನ್ನ ಒಪ್ಪಿಸೋದು ನಿಮ್ಮ ಕೆಲಸ, ಮಿಕ್ಕಿದ್ದು ನನಗೆ ಬಿಡಿ’ ಅಂದ. ಒಪ್ಪಿಸಿದೆ. ಸ್ಕೂಟಿಯ ಎರಡು ಟೈರು ಸವೆಸಿ ಊರ್ಡಿಗೆರೆ, ಗುಬ್ಬಿ, ಕುಣಿಗಲ್, ಕೊತ್ತಗೆರೆ ಅಂತ ಅಲೆದು, ಎರಡೇ ವರ್ಷದಲ್ಲಿ ಹನ್ನೊಂದು ಅಂಗಡಿ ಇದ್ದದ್ದನ್ನು ಮುನ್ನೂರು ದಾಟಿಸಿದೆ.

ಕೆಲಸ ಸರಳ. ಅಂಗಡಿಯವರು ನಮಗೆ ಮುಂಗಡ ಕೊಟ್ಟರೆ ಅಷ್ಟು ಮೊತ್ತ ಅವರ ಮೊಬೈಲಿನ ವ್ಯಾಲೆಟ್ಟಿನಲ್ಲಿ ಕೂರುತ್ತದೆ. ಅದರಿಂದ ಗಿರಾಕಿಗಳಿಗೆ ರೀಚಾರ್ಜ್ ಮಾಡಬಹುದು, ಕರೆಂಟ್ ಬಿಲ್ ಕಟ್ಟಬಹುದು. ೨೦೦೮ರಲ್ಲಿ ಇನ್ನೊಂದು ಸೇರಿಸಿದೆವು. ಹಳ್ಳಿಯ ಅಂಗಡಿಯಲ್ಲಿ ನಗದು ಕೊಟ್ಟರೆ ಅಂಗಡಿಯವನು ಮೊಬೈಲಿನಲ್ಲಿ ನಂಬರ್ ಒತ್ತುತ್ತಾನೆ, ಒಂದೇ ನಿಮಿಷದಲ್ಲಿ ಆ ದುಡ್ಡು ತುಮಕೂರಿನ ಅಂಗಡಿಯಲ್ಲಿ ಸಿಗುತ್ತದೆ. ಜನ ಬೆರಗಾದರು. ನನಗೂ ನನ್ನ ಬಗ್ಗೆಯೇ ಹೆಮ್ಮೆ ಬಂತು, ಸುಳ್ಳು ಯಾಕೆ ಹೇಳಲಿ.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಲ್ಲಿ ಬಸ್ ನಿಲ್ದಾಣದ ಎದುರಿನ ದಿನಸಿ ಅಂಗಡಿ ಶಿವರಾಮಯ್ಯನದು. ಮೂರು ಸಲ ಹೋದರೂ ಫಾರಂಗೆ ಸಹಿ ಹಾಕಲಿಲ್ಲ. ನಾಲ್ಕನೇ ಸಲ ಬಾಯಿ ಬಿಟ್ಟ.

‘ಎಲ್ಲಾ ಸರಿ ಕಣಮ್ಮ. ಆದ್ರೆ ಶುಕ್ರವಾರ ದೀಪ ಹಚ್ಚಿದ್ ಮೇಲೆ ನಾನು ದುಡ್ಡು ಆಚೆಗೆ ಕಳ್ಸಲ್ಲ. ನಮ್ಮಪ್ಪನ್ ಕಾಲ್ದಿಂದ್ಲೂ ಹಂಗೇ.’

‘ಇದು ದುಡ್ಡಲ್ಲ ಕಣ್ರೀ, ಬರೀ ಮೆಸೇಜು.’

‘ನಿಮಗೆ ಮೆಸೇಜು. ನನ್ ಗಲ್ಲಾದಿಂದ ಹೋಗೋದು ಲಕ್ಷ್ಮೀನೇ ಅಲ್ವಾ?’

ನಮ್ಮ ಮನೆಯಲ್ಲೂ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಯಾರಿಗೂ ಕಾಸು ಕೊಡುವುದಿಲ್ಲ. ಅಮ್ಮ ಮೊಸರಿನವಳನ್ನೂ ನಾಳೆ ಬಾ ಅಂತ ಕಳಿಸುತ್ತಾಳೆ. ಆ ತಿಂಗಳ ಟಾರ್ಗೆಟ್ಟಿಗೆ ನನಗೆ ಒಂದೇ ಅಂಗಡಿ ಕಡಿಮೆ ಇತ್ತು. ‘ಆಯ್ತು ಮಾರಾಯ್ರೇ’ ಅಂದೆ. ‘ದುಡ್ಡು ಈಸ್ಕೊಳ್ಳಿ, ಚೀಟಿ ಕೊಡಿ. ಶನಿವಾರ ಬೆಳಗ್ಗೆ ಸ್ನಾನ ಮಾಡಿ ಒತ್ತಿ. ಅಷ್ಟರಲ್ಲಿ ಯಾರ ಮನೆ ಮುಳುಗುತ್ತೆ?’ ಅವನು ನಕ್ಕು ಸಹಿ ಹಾಕಿದ. ಆಮೇಲೆ ಅದೇ ಮಾತನ್ನು ನಾನು ಇನ್ನೂ ಮೂವತ್ತು ನಲವತ್ತು ಅಂಗಡಿಗಳಲ್ಲಿ ಹೇಳಿ ಸಹಿ ಹಾಕಿಸಿಕೊಂಡೆ.

ಕಾಂತೇಶನಿಗೆ ಇದು ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಶುಕ್ರವಾರ ಸಂಜೆ ಆರರ ನಂತರ ಗುಬ್ಬಿ ಕಡೆಯ ವಹಿವಾಟಿನ ಗ್ರಾಫಿನ ಗೆರೆ ದಬಕ್ಕನೆ ಕೆಳಗೆ ಬೀಳುತ್ತಿತ್ತು. ಯಾಕೆ ಅಂತ ಅವನು ಕೇಳಿದಾಗೆಲ್ಲ ನಾನು ‘ಸಿಗ್ನಲ್ ಪ್ರಾಬ್ಲಂ ಸಾರ್’ ಅನ್ನುತ್ತಿದ್ದೆ.

ಆ ವರ್ಷ ನವೆಂಬರಿನಲ್ಲಿ, ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ, ಒಂದು ಶುಕ್ರವಾರ ಬಂತು. ಸಿ.ಎಸ್. ಪುರದ ಹತ್ತಿರ ತೋಟದ ಮನೆಯಲ್ಲಿರುವ ಬೆಟ್ಟಯ್ಯನ ಹೆಂಡತಿ ವನಜಮ್ಮ ರಾಗಿಯ ಕಟ್ಟು ಎತ್ತುವಾಗ ಕೈಗೆ ಹಾವು ಕಚ್ಚಿತು. ಪಂಪ್‌ಸೆಟ್ ರಿಪೇರಿ ಮಾಡುವ ಮಗ ರಂಗನಾಥ್ ತಾಯಿಯನ್ನು ಯಾರದೋ ಜೀಪಿನಲ್ಲಿ ಹಾಕಿಕೊಂಡು ತುಮಕೂರಿನ ನರ್ಸಿಂಗ್ ಹೋಂ ಒಂದಕ್ಕೆ ಓಡಿದ. ಅಲ್ಲಿದ್ದ ಔಷಧಿಯನ್ನೆಲ್ಲ ಹಾಕಿ, ಇನ್ನೂ ಅಷ್ಟೇ ಬೇಕು, ಹೊರಗಿನ ಮೆಡಿಕಲ್ ಸ್ಟೋರಿನಿಂದ ಬೇಗ ತನ್ನಿ ಅಂದರು. ರಂಗನಾಥನ ಜೇಬಿನಲ್ಲಿ ಎಂಟುನೂರು ರೂಪಾಯಿ ಇತ್ತು. ಮೆಡಿಕಲ್ ಸ್ಟೋರಿನವನು ಸಾಲ ಕೊಡಲಿಲ್ಲ. ಆದರೆ ಅವನು ನಮ್ಮ ಏಜೆಂಟ್, ಗೋಡೆಯ ಮೇಲೆ ಸರಾಗ ಪೇ ಬೋರ್ಡಿತ್ತು. ಅದನ್ನು ನೋಡಿ ರಂಗನಾಥ್ ಅಪ್ಪನಿಗೆ ಫೋನ್ ಮಾಡಿದ.

ಬೆಟ್ಟಯ್ಯ ತೆಂಗಿನಕಾಯಿ ಮಾರಿಟ್ಟಿದ್ದ ಆರು ಸಾವಿರ ಹಿಡಿದು ಶಿವರಾಮಯ್ಯನ ಅಂಗಡಿಗೆ ಬಂದಾಗ ಆರೂ ಇಪ್ಪತ್ತು. ತುಮಕೂರಿನ ಬಸ್ಸು ಎದುರಿಗೇ ನಿಂತಿತ್ತು. ಇದೆಲ್ಲ ಆಮೇಲೆ ಶಿವರಾಮಯ್ಯನೇ ನನ್ನ ಮುಂದೆ ಅತ್ತುಕೊಂಡು ಹೇಳಿದ್ದು.

‘ಬಸ್ಸತ್ತಿ ನಾನೇ ಕೊಟ್ಟು ಬರ್ಲಾ, ಇಲ್ಲ ನಿನ್ ಫೋನಾಗೆ ಹೋಯ್ತದಾ? ರಂಗ ಆಸ್ಪತ್ರೇಲವ್ನೆ,’ ಅಂದನಂತೆ ಬೆಟ್ಟಯ್ಯ.

‘ನೀನ್ಯಾಕೆ ಹೋಯ್ತೀಯ, ಬುಡು. ಇಲ್ಲಿ ಕೊಡು, ಹೋಯ್ತದೆ. ಯಾರ್ಗೆ ಏನಾಗೈತೆ?’

ದೀಪ ಉರಿಯುತ್ತಿತ್ತು. ನಮ್ಮ ಕಡೆ ಹಚ್ಚಿದ ದೀಪದ ಮುಂದೆ ಹಾವಿನ ಮಾತು ಆಡುವುದಿಲ್ಲ, ಕಚ್ಚಿದೆ ಅಂತಂತೂ ಬಾಯಿಬಿಟ್ಟು ಹೇಳುವುದಿಲ್ಲ. ಬೆಟ್ಟಯ್ಯ ‘ನಮ್ಮನೇವ್ಳಿಗೆ ವಸಿ ಹುಷಾರಿಲ್ಲ’ ಅಂದ. ಜ್ವರವೋ ಏನೋ, ಬೆಳಗ್ಗೆ ಒತ್ತಿದರಾಯಿತು ಅಂದುಕೊಂಡು ಶಿವರಾಮಯ್ಯ ದುಡ್ಡು ತೆಗೆದುಕೊಂಡು ಚೀಟಿ ಹರಿದು ಕೊಟ್ಟ. ಬಸ್ಸು ಹೊರಟಿತು. ಬೆಟ್ಟಯ್ಯ ಹಸು ಕರೆಯಬೇಕು ಅಂತ ಮನೆಗೆ ಹೋದ.

ಏಳೂವರೆಗೆ ನಮ್ಮ ಆಫೀಸಿನ ಫೋನ್ ಹೊಡೆದುಕೊಂಡಿತು. ನಾನೇ ಎತ್ತಿದೆ.

‘ಮೇಡಂ, ಸಿ.ಎಸ್. ಪುರದಿಂದ ಆರು ಸಾವಿರ ಹಾಕವ್ರೆ, ಚೀಟೀನೂ ಕೊಟ್ಟವ್ರೆ. ಇಲ್ಲಿ ಬಂದಿಲ್ಲ ಅಂತಾರೆ. ಔಷಧಿ ತಗೋಬೇಕು, ಅರ್ಜೆಂಟು.’

ಸಿ.ಎಸ್. ಪುರ, ಶುಕ್ರವಾರ. ದುಡ್ಡು ಎಲ್ಲಿದೆ ಅಂತ ಆ ಕ್ಷಣವೇ ನನಗೆ ಗೊತ್ತಾಯಿತು. ಶಿವರಾಮಯ್ಯನಿಗೆ ಫೋನ್ ಮಾಡಿ ಬೈದು ಒತ್ತಿಸಬಹುದಿತ್ತು. ಆಫೀಸಿನಿಂದಲೇ ಹಾಕಬಹುದಿತ್ತು. ಆದರೆ ಮಾರನೇ ದಿನ ಕಂಪನಿಗೆ ಬಂಡವಾಳ ಹಾಕುವವರು ಬೆಂಗಳೂರಿನಿಂದ ಬರುವವರಿದ್ದರು. ಕಾಂತೇಶ್ ಪಕ್ಕದ ಟೇಬಲ್ಲಿನಲ್ಲೇ ಕೂತು ಗೆರೆಗಳನ್ನು ತಿದ್ದುತ್ತಿದ್ದ. ಅವನ ಕಿವಿಗೆ ಬಿದ್ದರೆ ನನ್ನ ಮೂವತ್ತು ನಲವತ್ತು ಅಂಗಡಿಗಳ ಬಂಡವಾಳ ಬಯಲಾಗುತ್ತಿತ್ತು. ‘ಸರ್ವರ್ ಬ್ಯುಸಿ ಇದೆ, ಬೆಳಗ್ಗೆಯೊಳಗೆ ಬರುತ್ತೆ’ ಅಂದು ಫೋನಿಟ್ಟೆ. ಏನು ಔಷಧಿ, ಯಾರಿಗೆ ಅಂತ ಕೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ವನಜಮ್ಮ ಹತ್ತು ಗಂಟೆಗೆ ತೀರಿಕೊಂಡಳು. ಬೆಳಗ್ಗೆ ಆರೂ ಹನ್ನೆರಡಕ್ಕೆ ಶಿವರಾಮಯ್ಯ ಸ್ನಾನ ಮುಗಿಸಿ, ಕೈಮುಗಿದು ಒತ್ತಿದ. ಮೆಡಿಕಲ್ ಸ್ಟೋರಿನವನು ಆರು ಸಾವಿರ ಎಣಿಸಿ ರಂಗನಾಥನ ಕೈಗೆ ಕೊಟ್ಟ. ಅದೇ ದುಡ್ಡಿನಲ್ಲಿ ಅವನು ವ್ಯಾನ್ ಮಾಡಿಕೊಂಡು ತಾಯಿಯ ಹೆಣ ತಂದ.

ಬಂಡವಾಳದವರು ಖುಷಿಯಾಗಿ ಹೋದರು. ಹೋಗುವಾಗ, ಬಾಕಿ ಇರುವ ದೂರುಗಳನ್ನೆಲ್ಲ ಮುಗಿಸಿ ಕೊಡಿ ಅಂದರು. ಇದ್ದದ್ದು ಒಂದೇ, ಹಣ ಬಂದಿಲ್ಲ ಅಂತ ಆ ರಾತ್ರಿ ರಂಗನಾಥ್ ಮೆಡಿಕಲ್ ಸ್ಟೋರಿನಲ್ಲಿ ಬರೆಸಿದ್ದು. ದುಡ್ಡು ಹಾಕಿದ ಬೆಟ್ಟಯ್ಯನ ಕೈಲಿ ‘ಹಣ ತಲುಪಿದೆ’ ಅಂತ ಸಹಿ ಹಾಕಿಸಿ ತನ್ನಿ ಅಂತ ಕಾಂತೇಶ್ ಬುಧವಾರ ನನ್ನನ್ನು ಕಳಿಸಿದ. ದಾರಿಯಲ್ಲಿ ಶಿವರಾಮಯ್ಯನ ಅಂಗಡಿಯಲ್ಲಿ ನಿಂತೆ. ಔಷಧಿ ಯಾತಕ್ಕೆ ಬೇಕಿತ್ತು ಅಂತ ನನಗೆ ತಿಳಿದದ್ದು ಅಲ್ಲೇ. ಅವನು ಒಂದು ಮಾತು ಕೇಳಿಕೊಂಡ. ‘ನಾನು ಬೆಳಗ್ಗೆ ಒತ್ತಿದ್ದು ಅಂತ ಹೇಳ್ಬೇಡಮ್ಮ, ಊರಲ್ಲಿ ತಲೆ ಎತ್ತಕ್ಕಾಗಲ್ಲ.’

ಬೆಟ್ಟಯ್ಯ ಜಗಲಿಯ ಮೇಲೆ ಕೂತಿದ್ದ. ರಂಗನಾಥ್ ದೂರದಲ್ಲಿ, ಕೊಟ್ಟಿಗೆಯ ಬಾಗಿಲಲ್ಲಿ. ನಾನು ಸರಾಗ ಪೇ ಅಂದದ್ದೇ ತಡ, ಮುದುಕ ಮಡಿಸಿಟ್ಟಿದ್ದ ಚೀಟಿ ತೆಗೆದ.

‘ಹೇಳವ್ವ, ನಾನು ಹಾಕಿದ್ ದುಡ್ಡು ಹೋಯ್ತೋ ಇಲ್ವೋ?’

‘ತಲುಪಿದೆ’ ಅಂದೆ. ಸುಳ್ಳೇನಲ್ಲವಲ್ಲ.

‘ಕೇಳಿಸ್ತೇನ್ಲಾ?’ ಅಂತ ಬೆಟ್ಟಯ್ಯ ಕೊಟ್ಟಿಗೆಯ ಕಡೆ ತಿರುಗಿದ. ಆಮೇಲೆ ನನಗೆ ಹೇಳಿದ, ‘ಹೋದ್ ವರ್ಸ ಕೊಬ್ರಿ ದುಡ್ನ ಇಸ್ಪೀಟ್ಗೆ ಹಾಕ್ದೋನು ಇವ್ನು. ಈಗ ಬಂದಿಲ್ಲ ಬಂದಿಲ್ಲ ಅಂತ ಅವ್ರವ್ವನ್ನ ಸಾಯಕ್ ಬುಟ್ಟ. ಬೆಳಿಗ್ಗೆ ವ್ಯಾನಿಗೆ ಮಾತ್ರ ದುಡ್ಡಿತ್ತು. ಐದ್ ದಿನ ಆಯ್ತು, ನಾನು ಒಳಿಕ್ ಸೇರ್ಸಿಲ್ಲ.’

ಪೆನ್ನು ತೆಗೆದುಕೊಂಡು ಹೆಸರು ಬರೆದ. ರಂಗನಾಥ್ ಒಳಕ್ಕೆ ತಿರುಗಿ ಹಸುವಿಗೆ ಹುಲ್ಲು ಹಾಕಿದ. ಹೇಳಿ ಹೇಳಿ ಸಾಕಾಗಿತ್ತೇನೋ. ಕಾಗದ ಬ್ಯಾಗಿಗೆ ಹಾಕಿಕೊಂಡು ಅಂಗಳ ದಾಟಿ ಸ್ಕೂಟಿ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್ ಮಾಡಿದೆ. ಈ ಕಾಗದ ಹೋದರೆ ಆ ಹುಡುಗ ಸಾಯುವ ತನಕ ಅವ್ವನನ್ನು ಕೊಂದವನೇ. ನನ್ನ ಕೆಲಸದ ಮನೆ ಹಾಳಾಗ ಅಂದುಕೊಂಡು ವಾಪಸ್ ಬಂದೆ. ಎಲ್ಲ ಹೇಳಿದೆ. ಶುಕ್ರವಾರದ ದೀಪ, ನಾನು ಕೊಟ್ಟ ಒಪ್ಪಿಗೆ, ಶನಿವಾರ ಒತ್ತಿದ್ದು, ಏಳೂವರೆಯ ಫೋನು.

ಬೆಟ್ಟಯ್ಯ ಬೈಯಲಿಲ್ಲ. ಎದ್ದು, ಕೊಟ್ಟಿಗೆಯ ತನಕ ನಡೆದು ಹೋಗಿ, ಮಗನ ರಟ್ಟೆ ಹಿಡಿದ.

‘ಬಾರ್ಲಾ, ಉಣ್ಣು ಬಾ.’

ರಂಗನಾಥ್ ಅಪ್ಪನ ಜೊತೆ ಜಗಲಿ ಹತ್ತಿದ. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

‘ನೀವು ಫೋನ್ ಇಟ್ಟಾಗ ಅವ್ವ ಇನ್ನೂ ಮಾತಾಡ್ತಿದ್ಲು ಮೇಡಂ. ಯಾವಾಗ ಬತ್ತದಂತೆ ದುಡ್ಡು ಅಂತ ಕೇಳಿದ್ಲು. ಬೆಳಗ್ಗೆ ಅಂತ ನಾನೇ ಹೇಳ್ದೆ.’